ಅಗ್ನಿವೀರನೋ ಐಟಿಐಯೋ: ಎಸ್ಸೆಸ್ಸೆಲ್ಸಿ ನಂತರ ಲೆಕ್ಕ ಹಾಕಿ ನಿರ್ಧರಿಸುವ ಬಗೆ

ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನಿರುವ ಮನೆಯಲ್ಲಿ, ಅದರಲ್ಲೂ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆ, ಈ ಮಾತು ಬಂದೇ ಬರುತ್ತದೆ: ಆರ್ಮಿ ಭರ್ತಿಗೆ ಕಳಿಸೋದೋ, ಐಟಿಐಗೆ ಹಾಕೋದೋ? ಅಪ್ಪನ ಕಣ್ಣ ಮುಂದೆ ಪೆನ್ಷನ್ ತಗೊಂಡು ಊರಲ್ಲಿ ಮನೆ ಕಟ್ಟಿಸಿದ ಸುಬೇದಾರ್ ಕಾಕಾ ಇರುತ್ತಾರೆ. ಆದರೆ ಆ ಕಾಕಾ ಸೇರಿದ ನಿಯಮವೇ ಬೇರೆ. 2022ರ ಜೂನ್ 14ರಂದು ಅಗ್ನಿಪಥ್ ಯೋಜನೆ ಘೋಷಣೆಯಾದ ಮೇಲೆ ಸಿಪಾಯಿ ಹಂತದ ಭರ್ತಿ ಅಗ್ನಿವೀರರಾಗಿ ನಾಲ್ಕು ವರ್ಷಕ್ಕೆ. ಆ ನಾಲ್ಕರ ನಂತರ ಕಾಯಂ ಆಗುವವರು ಗರಿಷ್ಠ ನೂರಕ್ಕೆ 25 ಮಂದಿ.

ಇದನ್ನು 'ಅದೋ ಇದೋ' ಎಂದು ಕೇಳಿಕೊಂಡ ಮನೆಗಳೇ ಹೆಚ್ಚು ಎಡವುವುದು. 'ಯಾವುದು ಮೊದಲು' ಎಂದು ಕೇಳಿಕೊಳ್ಳಿ. ಸೇನೆಗೆ ವಯಸ್ಸಿನ ಬಾಗಿಲು ಮುಚ್ಚಿಹೋಗುತ್ತದೆ, ಐಟಿಐಗೆ ಮುಚ್ಚುವುದಿಲ್ಲ. ಹಾಗೆಂದು ಸೇನೆಯೇ ಮೊದಲು ಎಂದೂ ಅಲ್ಲ, ಏಕೆಂದರೆ 16ರ ಹುಡುಗನಿಗೆ ಆ ಬಾಗಿಲು ಇನ್ನೂ ತೆರೆದೇ ಇಲ್ಲ. ಮುಂದಿನ ಲೆಕ್ಕಗಳನ್ನು ಇದೇ ಕ್ರಮದಲ್ಲಿ ಹಾಕಿ.

1. ಹುಟ್ಟಿದ ದಿನಾಂಕದಿಂದ ಶುರು ಮಾಡಿ

ಅಗ್ನಿಪಥ್‌ನ ಮೂಲ ನಿಯಮದಲ್ಲಿ ಸೇರುವ ವಯಸ್ಸು ಹದಿನೇಳೂವರೆಯಿಂದ 21. ಪ್ರತಿ ವರ್ಷದ ಅಧಿಸೂಚನೆಯಲ್ಲಿ 'ಈ ತಾರೀಖಿನಿಂದ ಈ ತಾರೀಖಿನೊಳಗೆ ಹುಟ್ಟಿದವರು' ಎಂದು ಸ್ಪಷ್ಟವಾಗಿ ಕೊಟ್ಟಿರುತ್ತಾರೆ. ಆ ಎರಡು ತಾರೀಖೇ ಅಂತಿಮ. ಊರಿನವರ ಮಾತು, ವಾಟ್ಸಾಪ್ ಫಾರ್ವರ್ಡ್ ಯಾವುದೂ ಅಲ್ಲ. ಒಂದು ದಿನ ಆಚೀಚೆಯಾದರೂ ಅರ್ಜಿ ಬೀಳುತ್ತದೆ.

ವಯಸ್ಸು 16 ಆಗಿದ್ದರೆ ಯೋಚಿಸುವುದೇ ಬೇಡ: ಎರಡು ವರ್ಷದ ಐಟಿಐಗೆ ಸೇರಿಸಿ. ಮುಗಿಯುವಾಗ 18 ಆಗಿರುತ್ತದೆ, ಕೈಯಲ್ಲಿ ಪ್ರಮಾಣಪತ್ರ ಇರುತ್ತದೆ, ಸೇನೆಗೆ ಪ್ರಯತ್ನಿಸಲು ಇನ್ನೂ ಎರಡು ಮೂರು ಭರ್ತಿ ವರ್ಷ ಉಳಿದಿರುತ್ತವೆ. 'ಹೇಗೂ ಆರ್ಮಿಗೆ ಹೋಗ್ತಾನಲ್ಲ' ಎಂದು ಓದು ಬಿಡಿಸಿ ಬರೀ ಗ್ರೌಂಡ್‌ಗೆ ಕಳಿಸುವುದು ಈ ವಯಸ್ಸಿನಲ್ಲಿ ಆಗುವ ದೊಡ್ಡ ನಷ್ಟ.

18 ಆಗಿ ಪಿಯುಸಿ ಮುಗಿದಿದ್ದರೆ ಎರಡಕ್ಕೂ ಏಕಕಾಲಕ್ಕೆ ಅರ್ಜಿ ಹಾಕಿ. ಸೇನೆಯ ಅರ್ಜಿ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಬರುತ್ತದೆ, ಐಟಿಐ ಪ್ರವೇಶ ಎಸ್ಸೆಸ್ಸೆಲ್ಸಿ ಫಲಿತಾಂಶದ ನಂತರ ಶುರುವಾಗುತ್ತದೆ. ಒಂದಕ್ಕೊಂದು ಅಡ್ಡ ಬರುವುದಿಲ್ಲ. ಪಿಯುಸಿ ವಿಜ್ಞಾನ ಆಗಿದ್ದರೆ ವಾಯುಪಡೆ, ನೌಕಾಪಡೆಯ ದಾರಿಯೂ ಇದೆ. ವಿಜ್ಞಾನದಿಂದ ಹೋಗುವವರಿಗೆ ಇವೆರಡಕ್ಕೂ ಗಣಿತ ಮತ್ತು ಭೌತಶಾಸ್ತ್ರ ಬೇಕು, ವಾಯುಪಡೆಗೆ ಬೇರೆ ವಿಷಯದ ಪಿಯುಸಿಯವರೂ ಅರ್ಜಿ ಹಾಕಬಹುದು. ನೌಕಾಪಡೆಯ ಎಂಆರ್ (ಮೆಟ್ರಿಕ್ ರಿಕ್ರೂಟ್) ಹುದ್ದೆಗೆ ಮಾತ್ರ ಹತ್ತನೇ ತರಗತಿ ಸಾಕು. ಐಟಿಐ ಪ್ರಮಾಣಪತ್ರ ವಾಯುಪಡೆಯ ಅಗ್ನಿವೀರ್ ವಾಯುಗೆ ಅರ್ಹತೆಯಾಗುವುದಿಲ್ಲ ಎಂಬುದನ್ನು ಬಹಳ ಮಂದಿ ತಡವಾಗಿ ತಿಳಿಯುತ್ತಾರೆ.

20 ದಾಟಿದ್ದರೆ ಸೇನೆ ಮೊದಲು. ಐಟಿಐಗೆ ಕನಿಷ್ಠ ವಯಸ್ಸು 14, ಗರಿಷ್ಠ ಮಿತಿ ಇಲ್ಲ. 22ಕ್ಕೂ ಸೇರಬಹುದು, 25ಕ್ಕೂ ಸೇರಬಹುದು. ಅಗ್ನಿವೀರ್ ಮಿತಿಯೇ ದಾಟಿಹೋಗಿದ್ದರೆ ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ನಡೆಸುವ ಕಾನ್‌ಸ್ಟೆಬಲ್ ಜಿಡಿ (ಜನರಲ್ ಡ್ಯೂಟಿ) ಪರೀಕ್ಷೆ ನೋಡಿ: ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್ ಮುಂತಾದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಿಗೆ. ವಯಸ್ಸು 18ರಿಂದ 23, ಮೀಸಲಾತಿಯವರಿಗೆ ಸಡಿಲಿಕೆ ಇದೆ. ಹತ್ತನೇ ತರಗತಿ ಸಾಕು, ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಇದು ನಾಲ್ಕು ವರ್ಷದ್ದಲ್ಲ, ಕಾಯಂ ನೌಕರಿ. ಆದರೆ ಗಂಡಸರ ಎತ್ತರ ಸಾಮಾನ್ಯವಾಗಿ 170 ಸೆಂ.ಮೀ., ಓಟ 24 ನಿಮಿಷಕ್ಕೆ 5 ಕಿ.ಮೀ. 'ಮಿಲ್ಟ್ರಿ' ಎಂಬ ಒಂದೇ ಮಾತಿನಲ್ಲಿ ಊರಿನಲ್ಲಿ ಸೇನೆ, ಈ ಪಡೆಗಳು ಎರಡನ್ನೂ ಸೇರಿಸಿ ಹೇಳುತ್ತಾರೆ, ನೀವು ಬೇರೆ ಬೇರೆಯಾಗಿ ಲೆಕ್ಕ ಹಾಕಿ.

2. ದೇಹ ಒಪ್ಪುತ್ತದೆಯೇ ಎಂದು ಮೊದಲೇ ನೋಡಿಸಿ

ಎರಡು ವರ್ಷ ಓಡಿ, ಪರೀಕ್ಷೆ ಪಾಸಾಗಿ, ಕೊನೆಗೆ ಮೆಡಿಕಲ್‌ನಲ್ಲಿ ಚಪ್ಪಟೆ ಪಾದ ಎಂದು ಹೊರಗೆ ಬರುವ ಹುಡುಗರಿದ್ದಾರೆ. ಅದನ್ನು ಮನೆಯ ಬಚ್ಚಲಲ್ಲೇ ಕಂಡುಕೊಳ್ಳಬಹುದಿತ್ತು. ಪಾದ ಒದ್ದೆ ಮಾಡಿ ಒಣ ಸಿಮೆಂಟ್ ನೆಲದ ಮೇಲೆ ನಿಲ್ಲಿ. ಒಳಬದಿಯಲ್ಲಿ ಕಮಾನಿನ ಖಾಲಿ ಜಾಗ ಕಾಣದೆ ಇಡೀ ಪಾದದ ಗುರುತು ಮೂಡಿದರೆ ಮೂಳೆ ವೈದ್ಯರಿಗೆ ತೋರಿಸಿ. ಎರಡೂ ಪಾದ ಜೋಡಿಸಿ ನೇರ ನಿಲ್ಲಲು ಹೋದಾಗ ಮಂಡಿಗಳು ಒಂದಕ್ಕೊಂದು ತಗುಲಿ ಪಾದಗಳು ಕೂಡದಿದ್ದರೆ ಅದೂ ತೊಂದರೆಯೇ.

ಕರ್ನಾಟಕದ ಅಭ್ಯರ್ಥಿಗೆ ಜನರಲ್ ಡ್ಯೂಟಿಗೆ (ಸೇನೆಯ ಸಾಮಾನ್ಯ ಸಿಪಾಯಿ ವಿಭಾಗ) ಎತ್ತರ 166 ಸೆಂ.ಮೀ., ಎದೆ 77 ಸೆಂ.ಮೀ., ಉಸಿರೆಳೆದಾಗ 5 ಸೆಂ.ಮೀ. ಹಿಗ್ಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಬರಿಗಾಲಲ್ಲಿ ಅಳೆಸಿ. ಕಣ್ಣಿನ ವಿಭಾಗದಲ್ಲಿ ದೃಷ್ಟಿಯ ಜೊತೆಗೆ ಬಣ್ಣಗುರುಡು ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಚುಕ್ಕೆಗಳ ನಡುವೆ ಅಂಕಿ ಓದುವ ಆ ಪುಸ್ತಕವನ್ನು ಹುಡುಗರು ಮೊದಲ ಸಲ ನೋಡುವುದೇ ಭರ್ತಿಯ ದಿನ. ಬಣ್ಣ ಗುರುತಿಸುವುದು ಕಷ್ಟವಾದರೆ ಐಟಿಐನ ಎಲೆಕ್ಟ್ರಿಷಿಯನ್ ಟ್ರೇಡ್ (ಕಸುಬಿನ ವಿಭಾಗ) ಬಗ್ಗೆಯೂ ಎರಡು ಸಲ ಯೋಚಿಸಿ, ವೈರಿನ ಬಣ್ಣವೇ ಅಲ್ಲಿ ಭಾಷೆ.

ಸರಿಪಡಿಸಬಹುದಾದವು ಬೇರೆ: ಕಿವಿಯ ಗುಗ್ಗೆ, ಹುಳುಕು ಹಲ್ಲು, ಹೈಡ್ರೋಸೀಲ್, ತೂಕ. ಇವನ್ನು ಭರ್ತಿಗೆ ಆರು ತಿಂಗಳ ಮೊದಲೇ ಮುಗಿಸಿ. ಹಚ್ಚೆ ಮುಂದೋಳಿನ ಒಳಭಾಗದಲ್ಲಿ, ಅಂಗೈಯ ಹಿಂಬದಿಯಲ್ಲಿ ಮಾತ್ರ ನಡೆಯುತ್ತದೆ. ಎದೆಯ ಮೇಲೆ, ಕುತ್ತಿಗೆಯ ಮೇಲೆ ಜಾತ್ರೆಯಲ್ಲಿ ಹಾಕಿಸಿಕೊಂಡದ್ದು ಒಂದೇ ಕಾರಣಕ್ಕೆ ಹೊರಗೆ ಕಳಿಸುತ್ತಾರೆ. ಇನ್ನೊಂದು ಷರತ್ತು ಮನೆಯವರಿಗೆ: ಸೇರುವಾಗ ಮದುವೆ ಆಗಿರಬಾರದು, ನಾಲ್ಕು ವರ್ಷ ಆಗಲೂಬಾರದು.

ಸರಿಯಾಗದ ತೊಂದರೆ ಕಂಡರೆ ಚರ್ಚೆ ಇಲ್ಲಿಗೇ ಮುಗಿಯಿತು, ಐಟಿಐ ಭಾಗಕ್ಕೆ ಹೋಗಿ.

3. ಹಣದ ಲೆಕ್ಕ: ನಾಲ್ಕನೇ ವರ್ಷಕ್ಕೆ ನಿಲ್ಲಿಸಬೇಡಿ

ಅಗ್ನಿವೀರನ ತಿಂಗಳ ಪ್ಯಾಕೇಜ್‌ನಲ್ಲಿ ಶೇ. 30 ಸೇವಾ ನಿಧಿಗೆ (ನಾಲ್ಕು ವರ್ಷ ಮುಗಿದಾಗ ಒಟ್ಟಿಗೆ ಸಿಗುವ ಉಳಿತಾಯ) ಹೋಗುತ್ತದೆ, ಉಳಿದದ್ದು ಕೈಗೆ:

ಮೊದಲ ವರ್ಷ ₹30,000, ಕೈಗೆ ₹21,000
ಎರಡನೇ ವರ್ಷ ₹33,000, ಕೈಗೆ ₹23,100
ಮೂರನೇ ವರ್ಷ ₹36,500, ಕೈಗೆ ₹25,550
ನಾಲ್ಕನೇ ವರ್ಷ ₹40,000, ಕೈಗೆ ₹28,000

ಕೈಗೆ ಬಂದದ್ದು ಒಟ್ಟು ಸುಮಾರು ₹11.72 ಲಕ್ಷ. ನಿಧಿಗೆ ನಿಮ್ಮದು ₹5.02 ಲಕ್ಷ, ಸರ್ಕಾರದ್ದೂ ಅಷ್ಟೇ. ಹೊರಬರುವಾಗ ₹10.04 ಲಕ್ಷ ಮತ್ತು ಬಡ್ಡಿ, ತೆರಿಗೆ ಇಲ್ಲದೆ. ಊಟ, ವಸತಿ, ಬಟ್ಟೆಯ ಖರ್ಚಿಲ್ಲ. ಕಠಿಣ ಪ್ರದೇಶದ ಭತ್ಯೆ ಬೇರೆ. ₹48 ಲಕ್ಷದ ಜೀವವಿಮೆಗೆ ಕಂತು ಕಟ್ಟಬೇಕಾಗಿಲ್ಲ. ಸೇವೆಯ ಕಾರಣಕ್ಕೆ ಅಂಗವೈಕಲ್ಯ ಬಂದರೆ ಅದರ ಪ್ರಮಾಣಕ್ಕೆ ತಕ್ಕಂತೆ ₹44, ₹25 ಅಥವಾ ₹15 ಲಕ್ಷ ಪರಿಹಾರ.

ಸಿಗದೇ ಇರುವುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಕಾಯಂ ಆಗದವರಿಗೆ ಪೆನ್ಷನ್ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕನ ಸ್ಥಾನ ಇಲ್ಲ, ಹಾಗಾಗಿ ಅದರೊಂದಿಗೆ ಬರುವ ಆಸ್ಪತ್ರೆ ಸೌಲಭ್ಯವೂ ಇಲ್ಲ. ಮಧ್ಯದಲ್ಲಿ ಸ್ವಂತ ಇಚ್ಛೆಯಿಂದ ಬಿಟ್ಟು ಬರಲು ತೀರಾ ಅಪರೂಪದ ಸಂದರ್ಭದಲ್ಲಿ ಮಾತ್ರ ಅನುಮತಿ, ಆಗ ನಿಧಿಯಲ್ಲಿ ನಿಮ್ಮ ಪಾಲು ಮತ್ತು ಬಡ್ಡಿ ಮಾತ್ರ ಸಿಗುತ್ತದೆ, ಸರ್ಕಾರದ ಪಾಲು ಸಿಗುವುದಿಲ್ಲ.

ಐಟಿಐ ಕಡೆ ಮೊದಲ ಎರಡು ವರ್ಷ ಖರ್ಚೇ. ಮೂರನೇ ವರ್ಷ ಅಪ್ರೆಂಟಿಸ್ ಸ್ಟೈಪೆಂಡ್, ನಾಲ್ಕನೇ ವರ್ಷ ಮೊದಲ ಸಂಬಳ. ಉದಾಹರಣೆಗೆ ಸ್ಟೈಪೆಂಡ್ ₹9,000, ಸಂಬಳ ₹16,000 ಎಂದು ಹಿಡಿದರೆ ಎರಡೂ ವರ್ಷ ಸೇರಿ ₹3 ಲಕ್ಷ. ನಿಮ್ಮ ಜಿಲ್ಲೆಯ ಅಂಕಿ ಹಾಕಿ ನೋಡಿದರೂ ನಾಲ್ಕು ವರ್ಷದ ಮಟ್ಟಿಗೆ ಸೇನೆ ಬಹಳ ಮುಂದಿರುತ್ತದೆ. ಹೆಚ್ಚಿನವರು ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ.

ಐದನೇ ವರ್ಷ ನೋಡಿ. ಐಟಿಐ ಹುಡುಗನ ಕೈಯಲ್ಲಿ ಒಂದು ಕಸುಬು, ಒಂದು ವರ್ಷದ ಅನುಭವ ಇದೆ, ಸಂಬಳ ಏರುವ ಹಾದಿಯಲ್ಲಿದೆ. ಜನರಲ್ ಡ್ಯೂಟಿಯಿಂದ ಹೊರಬಂದ 22ರ ಹುಡುಗನ ಬಳಿ ಹತ್ತು ಲಕ್ಷ ಇದೆ, ಶಿಸ್ತು ಇದೆ. ಆದರೆ ಕಾರ್ಖಾನೆಯ ಮೇಸ್ತ್ರಿ ಕೇಳುವ 'ಯಾವ ಮಷೀನ್ ಮೇಲೆ ಕೆಲಸ ಮಾಡಿದ್ದೀಯಪ್ಪ?' ಎಂಬ ಪ್ರಶ್ನೆಗೆ ಉತ್ತರ ಇಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮಾಜಿ ಅಗ್ನಿವೀರರಿಗೆ 2022ರಲ್ಲೇ ಶೇ. 10 ಮೀಸಲಾತಿ ಘೋಷಿಸಿದ್ದಾರೆ, ವಯಸ್ಸಿನ ಸಡಿಲಿಕೆಯೂ ಇದೆ. ಅದು ಅವಕಾಶ, ಖಾತ್ರಿ ಅಲ್ಲ. ಆದ್ದರಿಂದ ಲೆಕ್ಕ ಹಾಕುವಾಗ ಮಗನನ್ನು ಆ 25ರಲ್ಲಿ ಸೇರಿಸಬೇಡಿ, ಉಳಿದ 75ರಲ್ಲಿ ಒಬ್ಬ ಎಂದುಕೊಂಡೇ ಯೋಜನೆ ಮಾಡಿ.

4. ಐಟಿಐ ಆರಿಸುವಾಗ ಕಟ್ಟಡ ನೋಡಬೇಡಿ, ವರ್ಕ್‌ಶಾಪ್ ನೋಡಿ

ಟ್ರೇಡ್ ಮೊದಲು, ಕಾಲೇಜು ಆಮೇಲೆ. ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್, ಮಷಿನಿಸ್ಟ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್, ಮೆಕ್ಯಾನಿಕ್ ಮೋಟಾರ್ ವೆಹಿಕಲ್, ಎಸಿ ಮತ್ತು ಫ್ರಿಜ್ ಟೆಕ್ನಿಷಿಯನ್ ಇವೆಲ್ಲ ಎರಡು ವರ್ಷದವು. ವೆಲ್ಡರ್, ಪ್ಲಂಬರ್, ಕೋಪಾ (ಕಂಪ್ಯೂಟರ್ ಆಪರೇಟರ್ ಟ್ರೇಡ್) ಒಂದು ವರ್ಷದವು. ಊರಲ್ಲೇ ಸ್ವಂತ ಕೆಲಸ ಮಾಡಬೇಕೆಂದರೆ ಎಲೆಕ್ಟ್ರಿಷಿಯನ್ ಅಥವಾ ಎಸಿ ರಿಪೇರಿ. ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಫೌಂಡ್ರಿ ಮತ್ತು ಮಷೀನ್ ಶಾಪ್‌ಗಳ ಕಡೆ ಹೋಗುವುದಾದರೆ ಫಿಟ್ಟರ್, ಟರ್ನರ್, ಮಷಿನಿಸ್ಟ್. ಬೇಗ ದುಡಿಯಬೇಕಾದ ಮನೆಗೆ ವೆಲ್ಡರ್, ಎಂಟನೇ ತರಗತಿ ಪಾಸಾದವರಿಗೂ ಸೀಟು ಸಿಗುತ್ತದೆ. ಕೋಪಾ ಮಾತ್ರ 'ಕಂಪ್ಯೂಟರ್' ಎಂಬ ಆಸೆಗೆ ಬಿದ್ದು ಸೇರುವ ಟ್ರೇಡ್ ಆಗಿಬಿಟ್ಟಿದೆ. ಡೇಟಾ ಎಂಟ್ರಿಗೆ ಡಿಗ್ರಿ ಮಾಡಿದವರೇ ಸಾಲಾಗಿ ನಿಂತಿದ್ದಾರೆ.

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಇದ್ದು ನಾಲ್ಕು ವರ್ಷ ತಾಳ್ಮೆ ಇದ್ದರೆ ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಆ್ಯಂಡ್ ಡೈ ಮೇಕಿಂಗ್ ಡಿಪ್ಲೊಮಾವನ್ನೂ ವಿಚಾರಿಸಿ: ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್.

ಇನ್ನು ಸಂಸ್ಥೆ. ಪ್ರವೇಶದ ದಿನ ಹೋಗಬೇಡಿ, ಮಾಮೂಲಿ ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ. ಫಿಟ್ಟರ್ ವಿಭಾಗದಲ್ಲಿ ವೈಸ್‌ಗಳ (ಕಬ್ಬಿಣವನ್ನು ಬಿಗಿಯಾಗಿ ಹಿಡಿಯುವ ಸಾಧನ) ದವಡೆ ನೋಡಿ: ದಿನಾ ಕೆಲಸ ನಡೆಯುವ ಕಡೆ ಅದು ಸವೆದು ಹೊಳೆಯುತ್ತದೆ, ಕೆಳಗೆ ಕಬ್ಬಿಣದ ಪುಡಿ ಬಿದ್ದಿರುತ್ತದೆ. ಪೇಂಟ್ ಮಾಸದ ಲೇತ್, ತುಕ್ಕು ಹಿಡಿದ ವರ್ನಿಯರ್ ಅಳತೆ ಸಾಧನ ಕಂಡರೆ ಅಲ್ಲಿ ಪಾಠ ಬೋರ್ಡ್ ಮೇಲೆ ಮಾತ್ರ ನಡೆಯುತ್ತಿದೆ ಎಂದರ್ಥ. ಎಲೆಕ್ಟ್ರಿಷಿಯನ್ ವಿಭಾಗದಲ್ಲಿ ಎರಡನೇ ವರ್ಷದ ಒಬ್ಬ ಹುಡುಗನನ್ನು ಕರೆದು ಕೇಳಿ: 'ಬೋರ್‌ವೆಲ್ ಪಂಪ್‌ಸೆಟ್‌ನ ಸ್ಟಾರ್ಟರ್ ಬಿಚ್ಚಿ ಮತ್ತೆ ಕನೆಕ್ಷನ್ ಕೊಡೋಕೆ ಬರುತ್ತಾ? ಓವರ್‌ಲೋಡ್ ರಿಲೇ ಎಷ್ಟಕ್ಕೆ ಸೆಟ್ ಮಾಡ್ತೀಯಾ?' ಮೋಟಾರಿನ ಮೇಲಿನ ಪ್ಲೇಟಿನಲ್ಲಿರುವ ಆಂಪಿಯರ್ ನೋಡಿ ಎಂದು ಅವನು ಹೇಳಿದರೆ ಆ ಸಂಸ್ಥೆಯಲ್ಲಿ ಕಲಿಸುತ್ತಿದ್ದಾರೆ.

'ಹಾಜರಾತಿ ಬೇಡ, ಪರೀಕ್ಷೆಗೆ ಬಂದ್ರೆ ಸಾಕು' ಎನ್ನುವ ಖಾಸಗಿ ಐಟಿಐಯಿಂದ ಎದ್ದು ಬನ್ನಿ. ಅಖಿಲ ಭಾರತ ಟ್ರೇಡ್ ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಬೇಕು, ಪ್ರಾಕ್ಟಿಕಲ್‌ನಲ್ಲಿ ಶೇ. 60 ಬಂದರೆ ಮಾತ್ರ ಪಾಸ್. ಹಣ ಕಟ್ಟುವ ಮೊದಲು ಆ ಸಂಸ್ಥೆಯ ಆ ಟ್ರೇಡ್‌ಗೆ ಎನ್‌ಸಿವಿಟಿ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ಮಾನ್ಯತೆ ಇದೆಯೇ ಎಂದು ನೋಡಿ. ಸಂಸ್ಥೆಗೆ ಮಾನ್ಯತೆ ಇದ್ದು ನೀವು ಸೇರುವ ಟ್ರೇಡ್‌ಗೆ ಇಲ್ಲದಿರುವುದೂ ಉಂಟು. ಸರ್ಕಾರಿ ಐಟಿಐ ಸಿಕ್ಕರೆ ಅದೇ ಮೊದಲ ಆಯ್ಕೆ, ಶುಲ್ಕ ತೀರಾ ಕಡಿಮೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೆ ಏರಿಸಿದ್ದಾರೆ. ನಿಮ್ಮ ತಾಲ್ಲೂಕಿನದು ಆ ಪಟ್ಟಿಯಲ್ಲಿದ್ದರೆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ), ರೋಬೋಟ್ ಇರುವ ಆ ಹೊಸ ಶೆಡ್ಡಿನ ಬೀಗ ತೆಗೆದಿದೆಯೇ ಎಂದೂ ನೋಡಿ.

ಐಟಿಐ ಮುಗಿದ ಮೇಲೆ ಅಪ್ರೆಂಟಿಸ್ ಮಾಡದೆ ನೇರ ಕೆಲಸಕ್ಕೆ ಹಾರುವವರು ಹೆಚ್ಚು. ತಿಂಗಳಿಗೆ ನಾಲ್ಕೈದು ಸಾವಿರ ಹೆಚ್ಚಿಗೆ ಸಿಗುತ್ತದೆ, ನಿಜ. ಆದರೆ ಎಚ್‌ಎಎಲ್, ಬಿಇಎಲ್, ಬೆಮಲ್, ನೈಋತ್ಯ ರೈಲ್ವೆಯಲ್ಲಿ ಒಂದು ವರ್ಷ ಅಪ್ರೆಂಟಿಸ್ ಮಾಡಿದ ಪ್ರಮಾಣಪತ್ರದ ತೂಕವೇ ಬೇರೆ. ರೈಲ್ವೆಯ ಲೆವೆಲ್-1 ಹುದ್ದೆಗಳಲ್ಲಿ ಶೇ. 20 ಅಪ್ರೆಂಟಿಸ್ ಮುಗಿಸಿದವರಿಗೇ ಮೀಸಲು. ರೈಲ್ವೆ ಅಪ್ರೆಂಟಿಸ್ ಆಯ್ಕೆ ಹತ್ತನೇ ತರಗತಿ ಮತ್ತು ಐಟಿಐ ಅಂಕಗಳ ಸರಾಸರಿಯ ಮೇಲೆ ನಡೆಯುತ್ತದೆ, ಆದ್ದರಿಂದ ಐಟಿಐನಲ್ಲಿ 'ಪಾಸಾದರೆ ಸಾಕು' ಎಂಬ ಮಾತು ಬೇಡ. ಮುಂದೆ ಓದುವ ಮನಸ್ಸಾದರೆ ಎರಡು ವರ್ಷದ ಐಟಿಐ ಮೇಲೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶವೂ ಇದೆ.

5. ಎರಡನ್ನೂ ಜೋಡಿಸುವ ದಾರಿ

ಸೇನೆಯ ಅಗ್ನಿವೀರ್ ಟೆಕ್ನಿಕಲ್ ವಿಭಾಗಕ್ಕೆ ಪಿಯುಸಿ ವಿಜ್ಞಾನ ಬೇಕೇ ಬೇಕು ಎಂಬ ತಪ್ಪು ತಿಳಿವಳಿಕೆ ಇದೆ. ಹತ್ತನೇ ತರಗತಿಯಲ್ಲಿ ಒಟ್ಟು ಶೇ. 50, ಇಂಗ್ಲಿಷ್, ಗಣಿತ, ವಿಜ್ಞಾನದಲ್ಲಿ ತಲಾ ಶೇ. 40 ಇದ್ದು, ಅಧಿಸೂಚನೆಯ ಪಟ್ಟಿಯಲ್ಲಿರುವ ಟ್ರೇಡ್‌ನಲ್ಲಿ ಎರಡು ವರ್ಷದ ಐಟಿಐ ಮಾಡಿದವರೂ ಅರ್ಹರು. ಪಟ್ಟಿಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್, ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಇರುತ್ತವೆ. ಒಂದು ವರ್ಷದ ವೆಲ್ಡರ್ ಇಲ್ಲಿ ನಡೆಯದು. ಐಟಿಐಗೆ ಬೋನಸ್ ಅಂಕವೂ ಇದೆ. ಟೆಕ್ನಿಕಲ್‌ನಲ್ಲಿ ಸೇರಿದವನು ನಾಲ್ಕು ವರ್ಷದ ನಂತರ ಹೊರಬಂದರೂ ಕಸುಬಿನ ಜೊತೆಗೆ ಬರುತ್ತಾನೆ. ಸೈನ್ಯದ ಒಲವಿರುವ 16ರ ಹುಡುಗನಿಗೆ ನಮ್ಮ ನೇರ ಸಲಹೆ ಇದೇ.

ಎಡವುವ ಜಾಗ ಒಂದಿದೆ. ಅರ್ಧಕ್ಕೆ ಬಿಟ್ಟ ಐಟಿಐಗೆ ಕವಡೆ ಕಿಮ್ಮತ್ತಿಲ್ಲ. ಮೊದಲ ವರ್ಷದಲ್ಲೇ ಜನರಲ್ ಡ್ಯೂಟಿಗೆ ಆಯ್ಕೆಯಾಗಿ ಹೊರಟರೆ ಆ ವರ್ಷ ವ್ಯರ್ಥ. ಎರಡನೇ ವರ್ಷದಲ್ಲಿ ಅರ್ಜಿ ಹಾಕಿದರೆ ಪರೀಕ್ಷೆ, ರ‍್ಯಾಲಿ, ಮೆಡಿಕಲ್ ಮುಗಿಯುವಷ್ಟರಲ್ಲಿ ಟ್ರೇಡ್ ಪರೀಕ್ಷೆಯೂ ಮುಗಿಯುವ ಸಾಧ್ಯತೆ ಹೆಚ್ಚು. ಒಂದೇ ಅರ್ಜಿಯಲ್ಲಿ ಎರಡು ವಿಭಾಗ ಆರಿಸುವ ಅವಕಾಶ 2025ರಿಂದ ಬಂದಿದೆ. ಪ್ರಮಾಣಪತ್ರ ಕೈಗೆ ಬಂದ ಮೇಲಿನ ಪ್ರಯತ್ನದಲ್ಲಿ ಟೆಕ್ನಿಕಲ್ ಮತ್ತು ಜನರಲ್ ಡ್ಯೂಟಿ ಎರಡನ್ನೂ ಹಾಕಿ.

ಹೆಣ್ಣುಮಕ್ಕಳಿಗೆ ಸೇನೆಯಲ್ಲಿ ಈ ಹಂತದಲ್ಲಿ ಇರುವುದು ಮಿಲಿಟರಿ ಪೊಲೀಸ್ ವಿಭಾಗ: ಎತ್ತರ 162 ಸೆಂ.ಮೀ., ತರಬೇತಿ ಬೆಂಗಳೂರಿನಲ್ಲೇ. ಸೀಟು ಬಹಳ ಕಡಿಮೆ, ಆದ್ದರಿಂದ ಐಟಿಐ ಜೊತೆಗಿಟ್ಟುಕೊಂಡೇ ಪ್ರಯತ್ನಿಸಿ.

6. ಮೊದಲು ಪರೀಕ್ಷೆ, ಆಮೇಲೆ ಓಟ

2023ರಿಂದ ಕ್ರಮ ತಿರುವುಮುರುವಾಗಿದೆ. ಮೊದಲು ಕಂಪ್ಯೂಟರ್‌ನಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ರ‍್ಯಾಲಿ. ಅರ್ಜಿ ಶುಲ್ಕ ₹250. ಸಾಮಾನ್ಯ ಜ್ಞಾನ, ವಿಜ್ಞಾನ, ಗಣಿತ, ತರ್ಕ ಇರುತ್ತವೆ, ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಡಿತ. 2025ರಿಂದ ಕನ್ನಡದಲ್ಲೂ ಬರೆಯಬಹುದು. ವರ್ಷಪೂರ್ತಿ ಓಡಿ ಎಂಟನೇ ತರಗತಿಯ ಶೇಕಡಾ ಲೆಕ್ಕ ಬಾರದೆ ಮನೆಗೆ ಬರುವವರೇ ಈಗ ಜಾಸ್ತಿ. ದಿನಕ್ಕೆ ಓಟಕ್ಕೆ ಒಂದು ಗಂಟೆ ಕೊಟ್ಟರೆ ಓದಿಗೆ ಎರಡು ಕೊಡಿ.

ಓಟ 1.6 ಕಿ.ಮೀ. 5 ನಿಮಿಷ 30 ಸೆಕೆಂಡಿಗೆ 60 ಅಂಕ, 5:45ಕ್ಕೆ 48. ಮೊದಲು ಅದನ್ನು ಮೀರಿದರೆ ಹೊರಗೆ, 2025ರಿಂದ 6:15ರವರೆಗೂ ಕಡಿಮೆ ಅಂಕದೊಂದಿಗೆ ಬಿಡುತ್ತಾರೆ. ಬೀಮ್‌ನಲ್ಲಿ ಹತ್ತು ಪುಲ್‌ಅಪ್‌ಗೆ 40, ಆರಕ್ಕೆ 16. ಒಂಬತ್ತು ಅಡಿ ಹಳ್ಳ ಜಿಗಿಯುವುದು, ಜಿಗ್‌ಜ್ಯಾಗ್ ಬ್ಯಾಲೆನ್ಸ್ ಮೇಲೆ ನಡೆಯುವುದು ಪಾಸಾದರೆ ಸಾಕು.

400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಒಂದೊಂದು 82 ಸೆಕೆಂಡ್: ಒಟ್ಟು 5:28. ಇಡೀ ಅಭ್ಯಾಸ ಈ 82ರ ಸುತ್ತ ಇರಲಿ. ಮೊದಲ ನಾಲ್ಕು ವಾರ ನಿಧಾನವಾಗಿ 4-5 ಕಿ.ಮೀ., ವಾರಕ್ಕೆ ನಾಲ್ಕು ದಿನ. ನಂತರ ವಾರದಲ್ಲಿ ಒಂದು ದಿನ 400 ಮೀಟರ್ ಆರು ಸಲ, ಪ್ರತಿಯೊಂದರ ನಡುವೆ ಎರಡು ನಿಮಿಷ ನಡಿಗೆ. ಇನ್ನೊಂದು ದಿನ 200 ಮೀಟರ್ ಎಂಟು ಸಲ, 38-40 ಸೆಕೆಂಡಿಗೆ. ಉಳಿದ ದಿನ ನಿಧಾನದ ಓಟ. ಎರಡು ವಾರಕ್ಕೊಮ್ಮೆ ಮಾತ್ರ ಗಡಿಯಾರ ಹಿಡಿದು ಪೂರ್ತಿ 1.6. ಡಾಂಬರು ರಸ್ತೆಯಲ್ಲಿ ದಿನಾ ಜೋರಾಗಿ ಓಡಿದವರಿಗೆ ಎರಡು ತಿಂಗಳಲ್ಲಿ ಮೊಣಕಾಲ ಕೆಳಗಿನ ಮುಂಬದಿಯ ಮೂಳೆ ನೋವು ಶುರುವಾಗುತ್ತದೆ. ಮಣ್ಣಿನ ಮೈದಾನ ಹುಡುಕಿ, ನೋವು ಕಂಡರೆ ಹತ್ತು ದಿನ ನಿಲ್ಲಿಸಿ.

ರ‍್ಯಾಲಿಯಲ್ಲಿ ಗುಂಪಾಗಿ ಬಿಡುತ್ತಾರೆ. ತಳ್ಳಾಟದಲ್ಲಿ ಹೆದರಿ ಮೊದಲ ಸುತ್ತನ್ನೇ 70 ಸೆಕೆಂಡಿಗೆ ಓಡಿದವನು ಮೂರನೇ ಸುತ್ತಿನಲ್ಲಿ ನಿಲ್ಲುತ್ತಾನೆ. ಶಕ್ತಿವರ್ಧಕ ಚುಚ್ಚುಮದ್ದು, ಮಾತ್ರೆಗಳು ನಿಷಿದ್ಧ. ಮೈದಾನದ ಹೊರಗೆ ಮಾರುವವರ ಮುಖ ನೋಡಬೇಡಿ.

ಪುಲ್‌ಅಪ್ ಮೂರಕ್ಕೇ ನಿಂತಿದ್ದರೆ ಸ್ಟೂಲ್ ಮೇಲಿಂದ ಗಲ್ಲ ಬೀಮ್ ಮೇಲೆ ಬರುವಂತೆ ಹಿಡಿದು, ಐದು ಸೆಕೆಂಡ್ ತೆಗೆದುಕೊಂಡು ಕೆಳಗಿಳಿಯಿರಿ. ದಿನ ಬಿಟ್ಟು ದಿನ, ಐದರ ನಾಲ್ಕು ಸೆಟ್. ಜೋಲಾಡಿ ಎಳೆದದ್ದನ್ನು ಅಲ್ಲಿ ಎಣಿಸುವುದಿಲ್ಲ.

7. ಕಾಗದ ಮತ್ತು ದಲ್ಲಾಳಿ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಅಕ್ಷರಶಃ ಒಂದೇ ಇರಬೇಕು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮ ಕಡೆ ಮಾಮೂಲು. ಅಂಕಪಟ್ಟಿಯಂತೆ ಆಧಾರ್ ತಿದ್ದಿಸಿ, ಭರ್ತಿಗೆ ಮೂರು ತಿಂಗಳ ಮೊದಲೇ. ಜಾತಿ ಮತ್ತು ವಾಸಸ್ಥಳ ಪ್ರಮಾಣಪತ್ರ ನಾಡಕಚೇರಿಯಿಂದ. ನಡತೆ ಪ್ರಮಾಣಪತ್ರ ಮತ್ತು ಅವಿವಾಹಿತ ಪ್ರಮಾಣಪತ್ರ ಆರು ತಿಂಗಳ ಒಳಗಿನದಾಗಿರಬೇಕು, ಆದ್ದರಿಂದ ಇವೆರಡನ್ನು ಬೇಗ ಮಾಡಿಸಿಟ್ಟರೂ ಪ್ರಯೋಜನವಿಲ್ಲ.

ಮೂಲ ಅಂಕಪಟ್ಟಿಯನ್ನು ಯಾವ ಕೋಚಿಂಗ್ ಸೆಂಟರಿಗೂ 'ಜಾಮೀನು' ಎಂದು ಕೊಡಬೇಡಿ. ಆಯ್ಕೆಯಾದ ಮೇಲೆ ಲಕ್ಷ ಕೊಟ್ಟರೆ ವಾಪಸ್ ಎನ್ನುವುದು ಹಳೆಯ ಆಟ. ದಲ್ಲಾಳಿಗಳು ಮೆರಿಟ್‌ನಲ್ಲಿ ಹೇಗೂ ಪಾಸಾಗುವ ಹುಡುಗರನ್ನು ಹಿಡಿದು 'ನಾನೇ ಮಾಡಿಸಿದೆ' ಎನ್ನುತ್ತಾರೆ, ಪಾಸಾಗದವರಿಗೆ ಹಣ ಮರಳಿಸಿ ಸಾಚಾ ಎನಿಸಿಕೊಳ್ಳುತ್ತಾರೆ. ಅನುಮಾನ ಬಂದರೆ ಬೆಂಗಳೂರು, ಬೆಳಗಾವಿ ಅಥವಾ ಮಂಗಳೂರಿನ ಸೇನಾ ಭರ್ತಿ ಕಚೇರಿಗಳಲ್ಲಿ ನಿಮ್ಮ ಜಿಲ್ಲೆ ಯಾವುದರ ವ್ಯಾಪ್ತಿಗೆ ಬರುತ್ತದೋ ಅಲ್ಲಿಗೆ ಹೋಗಿ ನೇರವಾಗಿ ಕೇಳಿ. ವಿಚಾರಣೆಗೆ ದುಡ್ಡಿಲ್ಲ.